ಜೀಪಿಗೊಂದು ವಿಂಚು

ಹೋಳಿಗೆ, ಹಪ್ಪಳ, ಕೂದಲುದುರುವುದಕ್ಕೆ ಮನೆಮದ್ದು ಇವುಗಳ ನಡುವೆ ಈ ಜೀಪು, ವಿಂಚು ಎಲ್ಲಿಂದ ಬಂತಪ್ಪಾ ಎಂದು ಹುಬ್ಬೇರಿಸಬೇಡಿ. ಮನೆ ಬಾಗಿಲಿಗೇ ಆಟೋ ಬರುವಂಥ ಊರಿನಲ್ಲಿರುವ ಸೋದರಿಯರಿಗೆ ಇದು ಗಂಡಸರ ಸಂಗತಿ ಅನ್ನಿಸಬಹುದು. ಆದರೆ ಮಲೆನಾಡಿನಲ್ಲಿ ಒಂಟಿ ಮನೆ ಮಾಡಿಕೊಂಡು, ಎರಡೆಕರೆ ಅಡಿಕೆ, ಮೂರೆಕರೆ ಕಾಫಿ ಎಂದು ಬಾಳುವ ನಮ್ಮಂಥವರಿಗೆ ಮಿಕ್ಸಿ ಎಷ್ಟೋ ಜೀಪೂ ಅಷ್ಟೇ. ಮಿಕ್ಸಿ ಕೆಟ್ಟರೆ ಒರಳಿದೆ. ಜೀಪು ಕೆಸರಿನಲ್ಲಿ ಹೂತುಕೊಂಡರೆ ಏನಿದೆ, ನೀವೇ ಹೇಳಿ?

ವಿಂಚು ಎಂದರೆ ಮತ್ತೇನಲ್ಲ, ಜೀಪಿನ ಮೂತಿಗೆ ಕೂರಿಸುವ ಒಂದು ಗಟ್ಟಿ ಉರುಳೆ. ಅದಕ್ಕೆ ತಂತಿ ಹಗ್ಗ ಸುತ್ತಿರುತ್ತದೆ. ಹಗ್ಗದ ತುದಿಯ ಕೊಕ್ಕೆಯನ್ನು ಮುಂದಿನ ಮರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ, ಬ್ಯಾಟರಿಯಲ್ಲಿ ನಡೆಯುವ ಮೋಟಾರು ಹಗ್ಗವನ್ನು ನಿಧಾನವಾಗಿ ಸುತ್ತಿಕೊಳ್ಳುತ್ತದೆ. ಮರವಂತೂ ಜಾಗ ಬಿಟ್ಟು ಬರುವುದಿಲ್ಲ. ಹಾಗಾಗಿ ಜೀಪೇ ಮರದ ಕಡೆ ಬರಬೇಕು! ಬಾವಿಗೆ ಬಿದ್ದ ಕೊಡ ತನ್ನನ್ನು ತಾನೇ ಮೇಲಕ್ಕೆ ಸೇದಿಕೊಂಡ ಹಾಗೆ ಅನ್ನಿ. ಜೀಪಿಗೆಂದು ಇಂಥ ಬ್ಯಾಟರಿ ವಿಂಚನ್ನು ಅಮೆರಿಕದ ವಾರ್ನ್ ಎಂಬ ಕಂಪೆನಿ 1959ರಲ್ಲೇ ಮಾಡಿತಂತೆ. ನಮ್ಮ ಮನೆಗೆ ಅದು ಬಂದದ್ದು 2025ರ ಫೆಬ್ರವರಿಯಲ್ಲಿ.

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹತ್ತಿರ ಹತ್ತಿರ ಮೂರು ಕಿಲೋಮೀಟರು. ಅಷ್ಟೂ ಮಣ್ಣು ದಾರಿ. ಬೇಸಿಗೆಯಲ್ಲಿ ಅದಕ್ಕಿಂತ ಚೆಂದದ ದಾರಿ ಇಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಮಾತ್ರ ದೋಸೆ ಹಿಟ್ಟು ಚೆಲ್ಲಿದ ಹಾಗಾಗುತ್ತದೆ. ಎರಡು ಕಡೆ ಅಪಾಯ. ಒಂದು ಹಳ್ಳ ದಾಟಿದ ಮೇಲಿನ ತಿರುವು, ಇನ್ನೊಂದು ಧರೆ ಪಕ್ಕದ ಉಬ್ಬು. ಮೊದಲೆಲ್ಲಾ ಮಳೆಗಾಲಕ್ಕೆ ಬೇಕಾದ ಸಾಮಾನು ಮೇ ತಿಂಗಳಲ್ಲೇ ತುಂಬಿಕೊಂಡು, ಹಪ್ಪಳ ಸಂಡಿಗೆ ಮಾಡಿಟ್ಟುಕೊಂಡು ನಾಲ್ಕು ತಿಂಗಳು ಮನೆಯಲ್ಲೇ ಕೂತುಬಿಡುತ್ತಿದ್ದೆವು. ಪೇಟೆ ಕಾಣದಿದ್ದರೆ ಏನೂ ಮುಳುಗುತ್ತಿರಲಿಲ್ಲ.

ಈಗ ಹಾಗೆ ಕೂರುವ ಹಾಗಿಲ್ಲ. ನಮ್ಮ ಅತ್ತೆಯವರಿಗೆ ಮೂತ್ರಪಿಂಡದ ತೊಂದರೆ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಮಳೆ ಎಂದೋ ಹಬ್ಬ ಎಂದೋ ಒಂದು ಸರದಿ ಬಿಟ್ಟರೆ ಮೈಯಲ್ಲಿ ನೀರು ನಿಂತು, ಕಾಲು ಬಾತು, ರಾತ್ರಿ ಮಲಗಲಾರದೆ ಉಬ್ಬಸ ಪಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಅವರ ಸರದಿ. ಆರೂಕಾಲಿಗೆಲ್ಲಾ ನಾವು ಮನೆ ಬಿಡುತ್ತೇವೆ.

2024ರ ಜುಲೈ, ಪುನರ್ವಸು ಮಳೆ. ಮಲೆನಾಡಿನವರು ಆ ವರ್ಷದ ಜುಲೈಯನ್ನು ಮರೆತಿರಲಾರರು. ಹಳ್ಳದ ತಿರುವಿನಲ್ಲಿ ನಮ್ಮ ಹಳೇ ಮಹೀಂದ್ರಾ ಜೀಪಿನ ಎಡಗಡೆಯ ಎರಡೂ ಚಕ್ರ ಕೂತುಬಿಟ್ಟವು. ಇವರು ಫೋರ್ ವೀಲ್ ಹಾಕಿ ನೋಡಿದರು, ಹಿಂದೆ ಮುಂದೆ ಆಡಿಸಿ ನೋಡಿದರು. ಆಡಿಸಿದಷ್ಟೂ ಕೆಳಗಿಳಿಯಿತು. ಇವರ ಬಲ ಭುಜಕ್ಕೆ ಹಿಂದಿನ ವರ್ಷವಷ್ಟೇ ಶಸ್ತ್ರಚಿಕಿತ್ಸೆಯಾಗಿತ್ತು, ತಳ್ಳುವ ಹಾಗಿಲ್ಲ. ನಾನು, ತೋಟದ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ತಳ್ಳಿದ್ದೇ ತಳ್ಳಿದ್ದು. ಮುಖವೆಲ್ಲಾ ಕೆಸರು, ಕಾಲಿಗೆಲ್ಲಾ ಉಂಬಳ. ಕಡೆಗೆ ಪಕ್ಕದ ತೋಟದ ಟ್ರ್ಯಾಕ್ಟರು ಬಂದು, ಮೊದಲ ಸಲ ಲಾರಿ ಹಗ್ಗ ತುಂಡಾಗಿ ಚಾವಟಿಯ ಹಾಗೆ ಬೀಸಿ ಹೆಡ್‌ಲೈಟಿನ ಗಾಜು ಒಡೆದು, ಎರಡನೇ ಸಲ ಸರಪಳಿ ಹಾಕಿ ಎಳೆದಾಗ ಎರಡೂವರೆ ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅತ್ತೆಯವರು ಜೀಪಿನೊಳಗೆ ಕೂತು "ನನ್ನ ಕಾಲದಲ್ಲಿ ಎತ್ತಿನ ಗಾಡಿಯೂ ಇಲ್ಲಿ ಹೂತುಕೊಳ್ತಿತ್ತು ಮಾರಾಯ್ತಿ, ಆಗ ನಾವು ಗಾಡಿ ಇಳಿದು ನಡೀತಿದ್ವಿ" ಎಂದು ನಗಲು ನೋಡುತ್ತಿದ್ದರು. ಆಸ್ಪತ್ರೆ ತಲುಪುವಾಗ ಅವರ ಹಾಸಿಗೆ ಬೇರೆಯವರಿಗೆ ಹೋಗಿತ್ತು. ಸಂಜೆಯ ಸರದಿ ಸಿಕ್ಕಿ, ಮನೆಗೆ ಬರುವಾಗ ರಾತ್ರಿ ಹತ್ತು.

ಆ ರಾತ್ರಿಯೇ ನಾನು ತೀರ್ಮಾನ ಮಾಡಿದೆ. ಜನವರಿಯಲ್ಲಿ ನನ್ನ ಹೆಸರಿನ ಚೀಟಿ ಎತ್ತುವುದಿತ್ತು, ಕೈಗೆ 45,000 ರೂಪಾಯಿ. ಅದರಲ್ಲಿ ಅಡುಗೆಮನೆಗೆ ಹೊಸ ಗ್ರಾನೈಟ್ ಕಟ್ಟೆ ಎಂದಿತ್ತು. ಕಟ್ಟೆ ಇನ್ನೆರಡು ವರ್ಷ ಕಾಯಲಿ.

ದುಡ್ಡು ನನ್ನದು ಎಂದ ಮೇಲೆ ವಿಚಾರಣೆಯೂ ನನ್ನದೇ ಆಯಿತು. ನಮ್ಮ ಮನೆಯಲ್ಲಿ ಇದಕ್ಕೆ ಎರಡು ಪಕ್ಷ. ಬೆಂಗಳೂರಿನಲ್ಲಿರುವ ಮಗನದು ಒಂದು ಪಕ್ಷ. ಅವನು ಗೋವಾದಲ್ಲಿ 2014ರಿಂದ ಶುರುವಾದ ರೈನ್‌ಫಾರೆಸ್ಟ್ ಚಾಲೆಂಜ್ ಎಂಬ ಜೀಪುಗಳ ಸ್ಪರ್ಧೆಯ ಚಿತ್ರ ನೋಡಿ ನೋಡಿ, ತಂದರೆ ಅಮೆರಿಕದ್ದೇ ತರಬೇಕು, ಲಕ್ಷ ದಾಟಿದರೂ ಸರಿ ಎನ್ನುವವ. ಇವರದು ಇನ್ನೊಂದು ಪಕ್ಷ. "ಎಲ್ಲಿ ಅಗ್ಗವೋ ಅಲ್ಲಿ ತಗೊಂಡ್ರಾಯ್ತು, ಎಲ್ಲಾ ಒಂದೇ ಕಬ್ಬಿಣ" ಅನ್ನುವವರು. ಮೂಗಿಗಿಂತ ಮೂಗುತಿ ಭಾರ ಆಗಬಾರದು, ಅಗ್ಗ ಎಂದು ಮುಗ್ಗಲು ಅಕ್ಕಿಯೂ ತರಬಾರದು. ನಾನು ನಡುವಿನ ದಾರಿ ಹಿಡಿದು ಮೊದಲು ನಮ್ಮ ಪೇಟೆಯ ಗ್ಯಾರೇಜಿನ ಸಾಬರ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಜೀಪುಗಳ ಹೊಟ್ಟೆ ಬಗೆದು ನೋಡಿದವರು.

ಸಾಬರು ಮೊದಲು ಹೇಳಿದ್ದೇ ಬೇರೆ. "ಅಮ್ಮಾವ್ರೆ, ವಿಂಚು ಆಮೇಲೆ. ಮೊದಲು ಟೈರು ನೋಡಿ. ಬೋಳು ಟೈರಿಗೆ ಲಕ್ಷದ ವಿಂಚು ಹಾಕಿದ್ರೂ ದಿನಾ ಎಳೀಬೇಕಾಗ್ತದೆ." ನಮ್ಮ ಟೈರು ಎರಡು ವರ್ಷದ್ದು, ಹಲ್ಲು ಚೆನ್ನಾಗಿತ್ತು. ಕೆಸರಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟರು. ಇಷ್ಟು ಖರ್ಚಿಲ್ಲದ ಉಪಾಯವನ್ನು ಇಷ್ಟು ವರ್ಷ ಯಾರೂ ನಮಗೆ ಹೇಳಿರಲಿಲ್ಲ ನೋಡಿ!

ಆಮೇಲೆ ಅವರು ತೋರಿಸಿದ್ದು ಕೈಯಲ್ಲಿ ಎಳೆಯುವ ಯಂತ್ರ. ಟಿರ್ಫರ್ ಎನ್ನುತ್ತಾರೆ, ಮರ ಸಾಗಿಸುವವರಿಗೆ, ಕಂಬ ನಿಲ್ಲಿಸುವವರಿಗೆ ಚೆನ್ನಾಗಿ ಗೊತ್ತು. ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ತೂರಿ ಹೋಗುವ ತಂತಿ ಹಗ್ಗ, ಒಂದು ಉದ್ದನೆಯ ಸನ್ನೆ. ಸನ್ನೆಯನ್ನು ಹಿಂದೆ ಮುಂದೆ ಆಡಿಸಿದರೆ ಒಳಗಿನ ಎರಡು ದವಡೆಗಳು ಒಂದಾದ ಮೇಲೊಂದು ಹಗ್ಗವನ್ನು ಕಚ್ಚಿ ಎಳೆಯುತ್ತವೆ, ನಾವು ಎರಡು ಕೈಯಲ್ಲಿ ಬಾವಿಹಗ್ಗ ಸೇದುವ ಹಾಗೇ. ಬ್ಯಾಟರಿ ಬೇಡ, ಕರೆಂಟು ಬೇಡ. ಮುಂದಕ್ಕಾದರೂ ಎಳೆಯಬಹುದು, ಹಿಂದಕ್ಕಾದರೂ ಎಳೆಯಬಹುದು. ಜೀಪಿನ ಮೂತಿಗೆ ಹಾಕಿದ ವಿಂಚಿಗೆ ಹಿಂದಕ್ಕೆ ಎಳೆಯುವ ಬುದ್ಧಿ ಇಲ್ಲ. ಭಾರ ಹೆಚ್ಚಾದರೆ ಸನ್ನೆಯಲ್ಲಿರುವ ಸಣ್ಣ ಪಿನ್ನು ತುಂಡಾಗಿ ಅಲ್ಲಿಗೇ ನಿಂತುಬಿಡುತ್ತದೆ, ಹಗ್ಗ ಹರಿಯುವುದಿಲ್ಲ. ಕುಕ್ಕರಿಗೆ ಸೇಫ್ಟಿ ವಾಲ್ವ್ ಇದ್ದ ಹಾಗೆ. ನಿಜ ಹೇಳಬೇಕೆಂದರೆ ನನಗೆ ಈ ಯಂತ್ರದ ಮೇಲೇ ಮನಸ್ಸಾಗಿತ್ತು. ಒಮ್ಮೆ ತಂದರೆ ಮಕ್ಕಳ ಕಾಲಕ್ಕೂ ಬಾಳುತ್ತದೆ.

ಪಕ್ಕದ ತೋಟದವರ ಟಿರ್ಫರನ್ನು ಕೇಳಿ ತಂದು ಅಂಗಳದಲ್ಲೇ ಪರೀಕ್ಷೆ ಮಾಡಿದೆವು. ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸಿ ಹಲಸಿನ ಮರಕ್ಕೆ ಕಟ್ಟಿ ನಾನು ಸನ್ನೆ ಹಿಡಿದೆ. ಒಂದು ತಳ್ಳಿಗೆ ಬರುವುದು ನಾಲ್ಕೈದು ಸೆಂಟಿಮೀಟರು. ಹತ್ತು ಮೀಟರು ಎಳೆಯಬೇಕಾದರೆ ಇನ್ನೂರು ಸಲ! ಐವತ್ತಕ್ಕೆ ನನ್ನ ಉಸಿರು ಬಾಯಿಗೆ ಬಂತು. ಇವರ ಭುಜಕ್ಕಂತೂ ಅದು ಆಗದ ಮಾತು. ಸುರಿಯುವ ಮಳೆಯಲ್ಲಿ, ಗಡಿಯಾರ ನೋಡಿಕೊಂಡು, ಜೀಪಿನೊಳಗೆ ರೋಗಿಯನ್ನು ಕೂರಿಸಿಕೊಂಡು ಇದು ನಡೆಯುವುದಿಲ್ಲ. ಮನೆಯಲ್ಲಿ ವಯಸ್ಸಿನ ಗಂಡುಮಕ್ಕಳಿದ್ದರೆ, ವರ್ಷಕ್ಕೆ ಒಂದೋ ಎರಡೋ ಸಲ ಬೇಕಾಗುವುದಿದ್ದರೆ, ಕಣ್ಣು ಮುಚ್ಚಿ ಟಿರ್ಫರನ್ನೇ ತೆಗೆದುಕೊಳ್ಳಿ ಎಂದು ನಾನು ಈಗಲೂ ಹೇಳುತ್ತೇನೆ. ನಮ್ಮ ಮನೆಗೆ ಒಗ್ಗಲಿಲ್ಲ. ಗುಂಡಿ ಒತ್ತಿದರೆ ಎಳೆಯುವಂಥದೇ ನಮಗೆ ಬೇಕಾಯಿತು.

ಅಲ್ಲಿಂದ ಮುಂದೆ ಲೆಕ್ಕದ ಪಾಠ. ಅಂಗಡಿಯಲ್ಲಿ ವಿಂಚನ್ನು ಕಿಲೋ ಲೆಕ್ಕದಲ್ಲಿ ಹೇಳುವುದಿಲ್ಲ, ಪೌಂಡಿನಲ್ಲಿ ಹೇಳುತ್ತಾರೆ. 8,000, 9,500, 12,000 ಎಂದು. 8,000 ಪೌಂಡೆಂದರೆ ಸುಮಾರು 3,600 ಕಿಲೋ, 9,500 ಎಂದರೆ 4,300, 12,000 ಎಂದರೆ 5,400. ವಾಹನದ ತೂಕ, ಅದರಲ್ಲಿ ಕೂತವರ ತೂಕ, ಸಾಮಾನಿನ ತೂಕ ಎಲ್ಲಾ ಕೂಡಿಸಿ, ಅದರ ಒಂದೂವರೆಯಷ್ಟು ಶಕ್ತಿಯಾದರೂ ವಿಂಚಿಗೆ ಇರಬೇಕೆಂಬುದು ರೂಢಿ. ನಮ್ಮ ಜೀಪು ತುಂಬಿದರೆ ಎರಡು ಟನ್ನು ಎಂದು ಹಿಡಿಯೋಣ. ಅಲ್ಲಿಗೆ ಮೂರು ಟನ್ನು. 8,000ದ್ದು ಧಾರಾಳವಾಯಿತು.

ಆದರೆ ಕೆಸರಿಗೆ ಈ ರೂಢಿಯ ಮುಲಾಜಿಲ್ಲ. ಸೈನ್ಯದವರು ಹೂತ ಗಾಡಿಗಳನ್ನು ಎಳೆಯುವಾಗ ಹಾಕುವ ಒಂದು ಲೆಕ್ಕವಿದೆಯಂತೆ. ಚಕ್ರದ ಮಟ್ಟ ಹೂತಿದ್ದರೆ ಎಳೆಯಲು ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡಿನವರೆಗೆ ಹೂತಿದ್ದರೆ ಅದರ ಎರಡರಷ್ಟು, ಇನ್ನೂ ಮೇಲೆ ಹೂತರೆ ಮೂರರಷ್ಟು. ಉಬ್ಬು ಹತ್ತಿಸಬೇಕಾದರೆ ಮತ್ತಷ್ಟು ಸೇರಿಸಿಕೊಳ್ಳಿ. ಅಂದರೆ ಆ ಜುಲೈಯಲ್ಲಿ ನಾವು ಮೂರು ಜನ ಹೆಂಗಸರು ತಳ್ಳಿದ್ದು ಎರಡು ಟನ್ನಿಗೂ ಮೇಲೆ! ಜೀಪು ಅಲುಗದಿದ್ದುದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಗುಟ್ಟಿದೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದ ಶಕ್ತಿ ಉರುಳೆಯ ಮೇಲಿನ ಮೊದಲ ಪದರದ್ದು ಮಾತ್ರ. ಹೊಲಿಗೆ ಯಂತ್ರದ ಬಾಬಿನ್ ನೆನೆಸಿಕೊಳ್ಳಿ. ದಾರ ಸುತ್ತಿದ ಹಾಗೆಲ್ಲಾ ಅದು ದಪ್ಪಗಾಗುತ್ತದಲ್ಲ, ಹಾಗೆಯೇ ಉರುಳೆಯ ಮೇಲೆ ಹಗ್ಗ ಪದರ ಪದರವಾಗಿ ಕೂತಷ್ಟೂ ಎಳೆಯುವ ಬಲ ಇಳಿಯುತ್ತದೆ. ಒಂದೊಂದು ಪದರಕ್ಕೂ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕಡಿಮೆ. ಮರ ಹತ್ತಿರದಲ್ಲೇ ಇದ್ದು ಸ್ವಲ್ಪವೇ ಹಗ್ಗ ಬಿಚ್ಚಿದರೆ ವಿಂಚು ಸೋಲುವುದು ಇದಕ್ಕೇ. ದೂರದ ಮರವೇ ಒಳ್ಳೆಯದು. ಹಾಗೆಂದು ಪೂರ್ತಿ ಬಿಚ್ಚಿಬಿಡಬಾರದು, ತಂತಿ ಹಗ್ಗವಾದರೆ ಕೊನೆಯ ಐದು ಸುತ್ತಾದರೂ ಉರುಳೆಯ ಮೇಲೆ ಇರಲೇಬೇಕು. ಹಗ್ಗವನ್ನು ಹಿಡಿದು ನಿಲ್ಲಿಸುವುದು ಆ ಸುತ್ತುಗಳೇ ಹೊರತು ತುದಿಯ ಬೋಲ್ಟಲ್ಲ.

ಹಾಗಾದರೆ 12,000ದ್ದನ್ನೇ ತಂದರಾಯಿತಲ್ಲ ಎಂದರು ಇವರು. ಅದು ಮತ್ತೂ ಭಾರ, ಹಳೇ ಜೀಪಿನ ಮುಂದಿನ ಪಟ್ಟಿಗಳು ಬಗ್ಗಿಬಿಡುತ್ತವೆ. ಏಳು ಸಾವಿರ ಹೆಚ್ಚು ಬೇರೆ. ಆ ಏಳು ಸಾವಿರದ ಕೆಲಸವನ್ನು 2,600 ರೂಪಾಯಿಯ ಒಂದು ರಾಟೆ ಮಾಡುತ್ತದೆ! ಸ್ನ್ಯಾಚ್ ಬ್ಲಾಕ್ ಎನ್ನುತ್ತಾರೆ, ಪಕ್ಕದ ತಗಡು ತೆರೆದು ಹಗ್ಗ ಒಳಗೆ ಇಡುವ ರಾಟೆ. ಮರಕ್ಕೆ ಅದನ್ನು ಕಟ್ಟಿ, ವಿಂಚಿನ ಹಗ್ಗವನ್ನು ಅದರೊಳಗಿಂದ ತಿರುಗಿಸಿ ತಂದು ಕೊಕ್ಕೆಯನ್ನು ಜೀಪಿನ ಚಾಸಿಗೇ ಸಿಕ್ಕಿಸಿದರೆ ಎಳೆತ ಹತ್ತಿರ ಹತ್ತಿರ ಇಮ್ಮಡಿ. ವೇಗ ಅರ್ಧವಾಗುತ್ತದೆ, ಹಗ್ಗದ ನಿಲುಕೂ ಅರ್ಧ. ನಮಗೇನು ಓಟದ ಪಂದ್ಯವೇ? ನಿಧಾನವಾದಷ್ಟೂ ಒಳ್ಳೆಯದೇ. ಒಂದೇ ಎಚ್ಚರಿಕೆ ಎಂದರೆ ಆ ಇಮ್ಮಡಿ ಭಾರವನ್ನು ಮರಕ್ಕೆ ಸುತ್ತಿದ ಪಟ್ಟಿ ಮತ್ತು ರಾಟೆ ಹೊರಬೇಕು, ಆದ್ದರಿಂದ ಅವೆರಡೂ ವಿಂಚಿಗಿಂತ ಗಟ್ಟಿಯಾಗಿರಬೇಕು. ನಾನು 8 ಟನ್ನಿನ ರಾಟೆಯನ್ನೇ ಕೇಳಿದೆ.

ವಿಂಚಿನಲ್ಲಿ ಕೊನೆಗೆ 9,500ದ್ದು ಆರಿಸಿದೆವು. 8,000ಕ್ಕೂ ಅದಕ್ಕೂ ಬೆಲೆಯಲ್ಲಿ ಒಂದೂವರೆ ಸಾವಿರವಷ್ಟೇ ವ್ಯತ್ಯಾಸ, ತೂಕ ಹಗ್ಗವೂ ಸೇರಿ ಎರಡೂ 40 ಕಿಲೋ ಆಸುಪಾಸು.

ಚೌಕಾಸಿಗೆ ಚಿಕ್ಕಮಗಳೂರಿಗೆ ಹೋದೆವು. ಅಂಗಡಿಯಲ್ಲಿ ಕೆಂಪು ಪೆಟ್ಟಿಗೆ, ಹಳದಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಮುಖ ಮಾತ್ರ ಅವಳಿ ಮಕ್ಕಳದ್ದು. ಹೆಚ್ಚಿನವು ಚೀನಾದಿಂದ ಬಂದವು. ಅಗ್ಗದ್ದರಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆಂದು ಸಾಬರು ನನಗೆ ಮೊದಲೇ ಪಾಠ ಹೇಳಿ ಕಳಿಸಿದ್ದರು. ಸೀರೆಯ ಅಂಚು ತಿರುವಿ ನೋಡುವ ಹಾಗೆ ನಾನು ಒಂದೊಂದಾಗಿ ಕೇಳಿದೆ.

ಮೊದಲು ಮೋಟಾರು. ಅಗ್ಗದ ವಿಂಚುಗಳಲ್ಲಿ ಕೆಲವಕ್ಕೆ ಅಯಸ್ಕಾಂತದ ಮೋಟಾರು ಇರುತ್ತದೆ. ಹಗುರ ಕೆಲಸಕ್ಕೆ ಅದು ಕರೆಂಟು ಕಡಿಮೆ ತಿನ್ನುತ್ತದೆ, ಭಾರ ಬಿದ್ದರೆ ಬೇಗ ಬಿಸಿಯಾಗುತ್ತದೆ. ಸೀರೀಸ್ ವೂಂಡ್ ಎಂಬುದು ಭಾರದ ಕೆಲಸಕ್ಕೆ ಮೇಲು. ಎರಡನೆಯದು, ಬರೆದ ಶಕ್ತಿ ಒಂಟಿ ಹಗ್ಗದ್ದೋ ಎಂಬುದು. ಕೆಲವರು ಚಕ್ರದ ಮೇಲೆ ಉರುಳಿಸುವ ಭಾರವನ್ನೋ ರಾಟೆ ಹಾಕಿದಾಗಿನ ಲೆಕ್ಕವನ್ನೋ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಗೋಧಿಹಿಟ್ಟಿನ ಚೀಲದ ಮೇಲಿನ ಚಿತ್ರದ ಹಾಗೆ. "ಸಿಂಗಲ್ ಲೈನ್ ಪುಲ್ ಎಷ್ಟು?" ಎಂದು ಕೇಳಿದಾಗ ಅಂಗಡಿಯ ಹುಡುಗ ಇವರ ಮುಖ ನೋಡಿದ. ಇವರು ನನ್ನ ಮುಖ ನೋಡಿದರು. ನಾನು ಪೆಟ್ಟಿಗೆ ತಿರುಗಿಸಿ ಓದಿದೆ. ಮೂರನೆಯದು ನೀರು ಒಳಗೆ ಹೋಗದ ಹಾಗೆ ಮುಚ್ಚಿದೆಯೇ ಎಂಬುದು. ಐಪಿ 67 ಎಂದು ಬರೆದಿದ್ದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ ಎಂದರ್ಥ. ನಮ್ಮ ಮಳೆಗೆ ಇದು ಬೇಕೇ ಬೇಕು. ಎಲ್ಲಕ್ಕಿಂತ ಮುಖ್ಯ, ಬಿಡಿಭಾಗ ಇಲ್ಲೇ ಸಿಗುತ್ತದೆಯೇ? ವಿಂಚಿನಲ್ಲಿ ಮೊದಲು ಕೈಕೊಡುವುದು ಸೊಲೆನಾಯ್ಡ್ ಎನ್ನುವ ಸ್ವಿಚ್ಚಿನ ಡಬ್ಬಿ ಎಂದು ಸಾಬರು ಹೇಳಿದ್ದರು. ಅದು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಬರುವವರೆಗೆ ಮಂಗಳವಾರ ಕಾಯುವುದಿಲ್ಲವಲ್ಲ! ಹಳದಿ ಪೆಟ್ಟಿಗೆಯವರ ಹತ್ತಿರ ಆ ಡಬ್ಬಿ ಕಪಾಟಿನಲ್ಲೇ ಇತ್ತು. ಅಲ್ಲಿಗೆ ಹಳದಿ ಗೆದ್ದಿತು, 31,000ಕ್ಕೆ.

ಹಗ್ಗದ ವಿಷಯದಲ್ಲಿ ಮಗನಿಗೂ ನನಗೂ ಫೋನಿನಲ್ಲಿ ಒಂದು ಸಣ್ಣ ಜಗಳವಾಯಿತು. ಈಗ ನೂಲಿನ ಹಗ್ಗ ಬಂದಿದೆ, ಪ್ಲಾಸ್ಟಿಕ್ಕಿನ ಜಾತಿಯ ಎಳೆಗಳದ್ದು. ಉಕ್ಕಿನಷ್ಟೇ ಬಲ, ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರ. ತುಂಡಾದರೆ ಉಕ್ಕಿನಷ್ಟು ಭಯಂಕರವಾಗಿ ಬೀಸುವುದಿಲ್ಲ. ಮಗ ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಬಿಸಿಲು ಆಗದು, ಕಲ್ಲಿನ ಅಂಚು ಆಗದು, ಮರಳು ಕೆಸರು ಎಳೆಗಳೊಳಗೆ ಹೊಕ್ಕರೆ ಒಳಗಿಂದಲೇ ಸವೆಯುತ್ತದೆ. ನಮ್ಮ ದಾರಿಯಲ್ಲಿರುವುದೆಲ್ಲಾ ಇದೇ. ಬೆಲೆಯೂ ಹೆಚ್ಚು. ಉಕ್ಕಿನದನ್ನೇ ತೆಗೆದುಕೊಂಡೆವು. ಮುಂದೆ ಕೈಯಲ್ಲಿ ದುಡ್ಡು ಆಡಿದಾಗ ಬದಲಾಯಿಸಬಹುದು. ಆಗ ಹಗ್ಗ ಹೊರಬರುವ ಬಾಯಿಯಲ್ಲಿರುವ ಉರುಳುಗಳನ್ನು ತೆಗೆದು ನುಣುಪಾದ ಅಲ್ಯೂಮಿನಿಯಂ ಬಾಯಿ ಹಾಕಿಸಬೇಕು, ಇಲ್ಲದಿದ್ದರೆ ಉಕ್ಕು ಗೀರಿದ ಜಾಗದಲ್ಲಿ ಹೊಸ ಹಗ್ಗ ಹರಿದುಹೋಗುತ್ತದೆ.

ಕರೆಂಟಿನ ಲೆಕ್ಕ ಕೇಳಿದರೆ ನಿಮಗೂ ಎದೆ ಝಲ್ಲೆನ್ನಬಹುದು. ಪೂರ್ತಿ ಭಾರ ಎಳೆಯುವಾಗ ಇಂಥ ವಿಂಚು 12 ವೋಲ್ಟಿನಲ್ಲಿ 400 ಆಂಪಿಯರಿನ ಹತ್ತಿರ ಎಳೆಯುತ್ತದೆ. ಗುಣಿಸಿದರೆ 4,800 ವ್ಯಾಟು. ಬಚ್ಚಲಿನ 2,000 ವ್ಯಾಟಿನ ಎರಡು ಗೀಸರನ್ನು ಒಂದು ಜೀಪಿನ ಬ್ಯಾಟರಿಯಲ್ಲಿ ಕಾಯಿಸಿದ ಹಾಗೆ! ಹಳೇ ಜೀಪಿನ ಆಲ್ಟರ್ನೇಟರು 100 ಆಂಪಿಯರನ್ನೂ ಕೊಡುವುದಿಲ್ಲ, ಮಿಕ್ಕಿದ್ದೆಲ್ಲಾ ಬ್ಯಾಟರಿಯೇ ಕೊಡಬೇಕು. ಆದ್ದರಿಂದ ಎಂಜಿನ್ನು ಚಾಲೂ ಇಟ್ಟುಕೊಂಡೇ ಎಳೆಯಬೇಕು, ಅರ್ಧ ನಿಮಿಷವೋ ಒಂದು ನಿಮಿಷವೋ ಎಳೆದು ಬಿಡಬೇಕು, ಮೋಟಾರು ತಣಿಯಬೇಕು, ಬ್ಯಾಟರಿ ಚೇತರಿಸಿಕೊಳ್ಳಬೇಕು. ರುಬ್ಬುವಾಗ ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ರುಬ್ಬುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ರಾಟೆ ಹಾಕಿದರೆ ಮೋಟಾರಿನ ಮೇಲಿನ ಭಾರ ಅರ್ಧಕ್ಕಿಳಿಯುವುದರಿಂದ ಕರೆಂಟೂ ಇಳಿಯುತ್ತದೆ, ಅದೊಂದು ಲಾಭ. ಬ್ಯಾಟರಿಯಿಂದ ವಿಂಚಿಗೆ ಹೋಗುವ ದಪ್ಪ ತಂತಿಗೆ ನಡುವೆ ಒಂದು ಕಟಾಫ್ ಸ್ವಿಚ್ ಹಾಕಿಸಿದೆ. ಎಲ್ಲಾದರೂ ಉಜ್ಜಿ ಬೆಂಕಿ ಹತ್ತಿದರೆ ಎಂಬ ಭಯ. ಕೆಲಸವಿಲ್ಲದಾಗ ಅದು ಬಂದ್.

ಕೂರಿಸುವಾಗ ಸಾಬರ ಗ್ಯಾರೇಜಿನಲ್ಲಿದ್ದ ಹುಡುಗರು ಮುಂದೆ ಒಂದು ದೊಡ್ಡ ಬುಲ್ ಬಾರ್ ಹಾಕೋಣ, ಗತ್ತಾಗಿರುತ್ತದೆ ಎಂದರು. ನಾನು ಬೇಡವೆಂದೆ. ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ಇಂಥ ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿತ್ತು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ. ರಸ್ತೆಯಲ್ಲಿ ನಡೆಯುವವರಿಗೆ ತಾಗಿದರೆ ಅವರ ಗತಿ ಏನು? ಹೊಸ ಗಾಡಿಗಳಲ್ಲಾದರೆ ಗಾಳಿಚೀಲ ಸರಿಯಾಗಿ ಬಿಚ್ಚಿಕೊಳ್ಳದ ಅಪಾಯವೂ ಇದೆ. ನಮಗೆ ಬೇಕಾದದ್ದು ಗತ್ತಲ್ಲ. ಇದ್ದ ಬಂಪರಿನ ಹಿಂದೆ, ಚಾಸಿಗೇ ಬೋಲ್ಟು ಮಾಡಿ, ಒಂದು ದಪ್ಪ ತಗಡಿನ ಮೇಲೆ ವಿಂಚನ್ನು ಕೂರಿಸಿದರು. ಹೊರಗೆ ಕಾಣುವುದು ಹಗ್ಗದ ಬಾಯಿ, ಕೊಕ್ಕೆ ಅಷ್ಟೇ. ಹಾಗಿದ್ದರೂ ಮಾಡಿಸುವ ಮುಂಚೆ ನಿಮ್ಮೂರಿನ ಆರ್.ಟಿ.ಒ. ಕಚೇರಿಯಲ್ಲಿ, ವಿಮೆಯವರಲ್ಲಿ ಒಂದು ಮಾತು ಕೇಳಿಕೊಳ್ಳುವುದು ಕ್ಷೇಮ.

ಲೆಕ್ಕ ಕೇಳುವ ಸೋದರಿಯರಿಗಾಗಿ ನನ್ನ ಚೀಟಿ ಪುಸ್ತಕದ ಹಿಂದೆ ಬರೆದಿಟ್ಟದ್ದನ್ನು ಹೇಳಿಬಿಡುತ್ತೇನೆ. ವಿಂಚು 31,000, ತಗಡು 3,500, ಕೂರಿಸಿದ ಕೂಲಿ 1,500, ರಾಟೆ 2,600, ಮರಕ್ಕೆ ಸುತ್ತುವ ಅಗಲ ಪಟ್ಟಿ 1,800, ಎರಡು ಶ್ಯಾಕಲ್ 900, ಸ್ವಿಚ್ಚು 850, ಚರ್ಮದ ಕೈಗವಸು 250. ಒಟ್ಟು 42,400. ಉಳಿದ 2,600ರಲ್ಲಿ ಅತ್ತೆಯವರಿಗೆ ಒಂದು ಒಳ್ಳೆಯ ಉಣ್ಣೆಯ ಶಾಲು. ಆಸ್ಪತ್ರೆಯ ಆ ಕೋಣೆ ಬಹಳ ತಂಪು.

ಮರದ ಪಟ್ಟಿ ಯಾಕೆ, ಹಗ್ಗವನ್ನೇ ಮರಕ್ಕೆ ಸುತ್ತಿದರಾಗದೇ ಎಂದು ಇವರು ಕೇಳಿದ್ದರು. ತಂತಿ ಹಗ್ಗ ಸುತ್ತಿ ಎಳೆದರೆ ತೊಗಟೆ ಕತ್ತರಿಸಿಹೋಗುತ್ತದೆ. ಸುತ್ತಲೂ ತೊಗಟೆ ಹೋದ ಮರ ನಿಂತಲ್ಲೇ ಒಣಗುತ್ತದೆ. ಕಾಫಿಗೆ ನೆರಳು ಕೊಡುವ ಮರವನ್ನು ನಾವೇ ಕೊಂದಂತೆ. ಕೊಕ್ಕೆಯನ್ನು ತನ್ನ ಹಗ್ಗಕ್ಕೇ ಸಿಕ್ಕಿಸಿದರೆ ಹಗ್ಗವೂ ಅಲ್ಲೇ ಮುರುಟಿ ಕೆಡುತ್ತದೆ. ಪಟ್ಟಿಯನ್ನು ಬುಡದ ಹತ್ತಿರ ತಗ್ಗಿನಲ್ಲಿ ಕಟ್ಟಬೇಕು. ಧರೆ ಪಕ್ಕದ ಉಬ್ಬಿನಲ್ಲಿ ನೇರಕ್ಕೆ ಮರವೇ ಇರಲಿಲ್ಲ. ಅಲ್ಲಿ ಒಂದು ಮೀಟರು ಆಳದ ಅಡ್ಡ ಗುಂಡಿ ತೆಗೆದು, ದಪ್ಪ ದಿಮ್ಮಿಯೊಂದಕ್ಕೆ ಸರಪಳಿ ಸುತ್ತಿ ಹೂತು, ಸರಪಳಿಯ ತುದಿ ಮಾತ್ರ ಮೇಲೆ ಕಾಣುವ ಹಾಗೆ ಬಿಟ್ಟೆವು. ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಬೇಕು.

ಮಾರ್ಚಿನಲ್ಲಿ ನಾಲ್ಕು ಭಾನುವಾರ ಬೇಕೆಂದೇ ಜೀಪನ್ನು ಗದ್ದೆಯ ಹಡ್ಲಿನಲ್ಲಿ ಹೂತು ಅಭ್ಯಾಸ ಮಾಡಿದೆವು. ಕೆಲಸದವರೆಲ್ಲಾ ನೋಡಲು ನಿಂತಿದ್ದರು. ಸ್ಟಿಯರಿಂಗು ಇವರದು, ಗುಂಡಿ ನನ್ನದು. ತಂತಿ ಇಲ್ಲದ ರಿಮೋಟೂ ಪೆಟ್ಟಿಗೆಯಲ್ಲಿತ್ತು, ನಾನು ತಂತಿಯದನ್ನೇ ಬಳಸುತ್ತೇನೆ, ಅದಕ್ಕೆ ಸೆಲ್ಲು ಮುಗಿಯುವ ಭಯವಿಲ್ಲ. ಕೈಗವಸಿಲ್ಲದೆ ಹಗ್ಗ ಮುಟ್ಟುವುದಿಲ್ಲ, ಸವೆದ ಉಕ್ಕಿನ ಎಳೆ ಸೂಜಿಗಿಂತ ಕಡೆ. ಹಗ್ಗವನ್ನು ಕೈಯಲ್ಲಿ ಜಾರಲು ಬಿಡದೆ ಒಂದೊಂದೇ ಹಿಡಿಯಾಗಿ ಬಿಡಬೇಕು. ಎಳೆತ ಶುರುವಾಗುವ ಮುಂಚೆ ಒಂದು ಒದ್ದೆ ಕಂಬಳಿಯನ್ನು ಹಗ್ಗದ ನಡುವೆ ಹೊದಿಸುತ್ತೇನೆ. ಅಕಸ್ಮಾತ್ ಹರಿದರೂ ಅದರ ಭಾರಕ್ಕೆ ಹಗ್ಗ ನೆಲಕ್ಕೆ ಬೀಳಬೇಕು. ಬಿಗಿದ ಹಗ್ಗವನ್ನು ಯಾರೂ ದಾಟಕೂಡದು, ಹಗ್ಗದಷ್ಟು ಉದ್ದದ ಒಳಗೆ ಮಕ್ಕಳು ನಾಯಿ ಯಾರೂ ನಿಲ್ಲಕೂಡದು. ಹೆಡ್‌ಲೈಟಿನ ಗಾಜು ಒಡೆದದ್ದನ್ನು ನೋಡಿದ ಮೇಲೆ ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. "ಆಹಾ, ಮೇಷ್ಟರು ಬಂದರು" ಎಂದು ಇವರು ಹಾಸ್ಯ ಮಾಡಿದರೂ ಜೀಪಿನಿಂದ ಇಳಿಯುವುದಿಲ್ಲ.

2025ರ ಜೂನ್ ಕೊನೆಯ ವಾರ, ಶುಕ್ರವಾರ, ಅದೇ ಹಳ್ಳದ ತಿರುವು, ಅದೇ ಎಡಗಡೆ. ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಇವರು ಗಾಬರಿಯಿಂದ ಆಕ್ಸಿಲರೇಟರು ಒತ್ತಲು ಹೋದಾಗ "ಒತ್ತಬೇಡಿ, ಇನ್ನೂ ಇಳಿಯುತ್ತೆ" ಎಂದು ನಾನು ಇಳಿದೆ. ಪಟ್ಟಿ, ಶ್ಯಾಕಲ್, ರಾಟೆ, ಕೊಕ್ಕೆ, ಕಂಬಳಿ. ಕ್ಲಚ್ಚು ಸಡಿಲಿಸಿ ಹಗ್ಗವನ್ನು ಕೈಯಲ್ಲೇ ಎಳೆದುಕೊಂಡು ಹೋದೆ, ಬಿಚ್ಚುವುದಕ್ಕೆ ಬ್ಯಾಟರಿ ಖರ್ಚು ಮಾಡಬಾರದು. ಅಡ್ಡ ನಿಂತು ಗುಂಡಿ ಒತ್ತಿದೆ. ಹಗ್ಗ ಬಿಗಿಯಿತು, ನೀರು ಹಿಂಡಿತು, ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಸರು "ಪಚಕ್" ಎಂದು ಬಾಯಿ ಬಿಟ್ಟಿತು. ಮೂರು ಸಲ ನಿಲ್ಲಿಸಿ ನಿಲ್ಲಿಸಿ ಎಳೆದಾಗ ಚಕ್ರ ಗಟ್ಟಿ ನೆಲ ಹತ್ತಿತ್ತು. ಹಗ್ಗ ಸುತ್ತಿ ಹೊರಡುವವರೆಗೆ ಇಪ್ಪತ್ತು ನಿಮಿಷ. ಒಳಗೆ ಅತ್ತೆಯವರು ಕಾಫಿಯ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು, ಶಾಲು ಹೊದ್ದು ಕೂತಿದ್ದರು. ನಾನು ಹತ್ತಿದ ಮೇಲೆ "ಸೀರೆ ಬದಲಾಯಿಸಬೇಕಿತ್ತು, ಆಸ್ಪತ್ರೆಯವರು ನಿನ್ನನ್ನೇ ಮಲಗಿಸಿಕೊಂಡಾರು" ಎಂದರು. ಏಳು ಐವತ್ತಕ್ಕೆ ಅವರ ಹಾಸಿಗೆ ಅವರಿಗಾಗಿ ಕಾದಿತ್ತು.

ಆ ಮಳೆಗಾಲದಲ್ಲಿ ಒಟ್ಟು ಏಳು ಸಲ ವಿಂಚು ಹಾಕಿದೆವು, ಅದರಲ್ಲಿ ಎರಡು ಸಲ ಬೇರೆಯವರಿಗಾಗಿ. ಪಕ್ಕದ ತೋಟದವರ ಹಾಲಿನ ಗಾಡಿ ಎಳೆದುಕೊಟ್ಟದ್ದಕ್ಕೆ ಅವರು ಒಂದು ಬುಟ್ಟಿ ಕಣಿಲೆ ಕಳಿಸಿದರು. ಕೇಳಿದವರಿಗೆಲ್ಲಾ ಜೀಪು ಕೊಡುವುದಿಲ್ಲ, ನಾವೇ ಬಂದು ಎಳೆದುಕೊಡುತ್ತೇವೆ ಎಂದು ಹೇಳಿದ್ದೇನೆ. ಕಂಬಳಿ ಹೊದಿಸದೆ ಎಳೆಯುವವರೇ ಊರಲ್ಲಿ ಹೆಚ್ಚು.

ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಹಗ್ಗವನ್ನು ಪೂರ್ತಿ ಬಿಚ್ಚಿ, ನೀರು ಹೊಯ್ದು ಕೆಸರು ತೊಳೆದು, ಅಡಿಕೆ ಒಣಗಿಸುವ ಅಂಗಳದಲ್ಲೇ ಹರವಿ ಒಣಗಿಸಿ, ಬಟ್ಟೆಯಲ್ಲಿ ಎಣ್ಣೆ ಹಚ್ಚಿ, ಮುರಿದ ಎಳೆ ಇದೆಯೇ ಎಂದು ನೋಡಿ, ಮತ್ತೆ ಒತ್ತೊತ್ತಾಗಿ ಸುತ್ತಿದೆವು. ಸುತ್ತುವಾಗ ಸ್ವಲ್ಪ ಭಾರ ಕೊಟ್ಟು ಬಿಗಿಯಾಗಿ ಸುತ್ತಬೇಕು, ಸಡಿಲವಾದರೆ ಮುಂದಿನ ಸಲ ಮೇಲಿನ ಸುತ್ತು ಕೆಳಗಿನದರೊಳಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ. ಮೋಟಾರಿನ ಮೇಲೆ ಹಳೇ ರೆಕ್ಸಿನ್ನಿನ ಒಂದು ಟೋಪಿ ಹೊಲಿದು ಹಾಕಿದ್ದೇನೆ. ರಾಟೆ, ಪಟ್ಟಿ, ಕೈಗವಸು ಮೂರೂ ಒಂದು ಗೋಣಿಚೀಲದಲ್ಲಿ ಹಿಂದಿನ ಸೀಟಿನ ಕೆಳಗಿವೆ, ಅತ್ತೆಯವರ ಆಸ್ಪತ್ರೆಯ ಫೈಲಿನ ಪಕ್ಕದಲ್ಲಿ.